ಮೈಸೂರು ಮಾವನವರು ಕೊಟ್ಟೂರಿಗೆ ಬಂದದ್ದು

ಕೂಡ್ಲಿಗಿಯಲ್ಲಿ ಬಸ್ಸು ಹತ್ತಿ ಹಡಗಲಿಯಲ್ಲಿ ಇಳಿಯುವಷ್ಟರಲ್ಲಿ ನಮ್ಮ ಕಡೆ ನೆಲದ ಬಣ್ಣ ಬದಲಾಗುತ್ತದೆ, ಮಾತು ಬದಲಾಗುತ್ತದೆ, ಮಂಡಕ್ಕಿಯ ಹೆಸರೂ ಬದಲಾಗುತ್ತದೆ. ಹೊರಗಿನಿಂದ ಬಂದವರು ಎಲ್ಲೋ ಒಂದು ಕಡೆ ಮುಗ್ಗರಿಸಿಯೇ ಮುಗ್ಗರಿಸುತ್ತಾರೆ, ನಾವು ಹೊಟ್ಟೆ ತುಂಬ ನಗುತ್ತೇವೆ. ಮುಗ್ಗರಿಸಿದವರು ಹೆಣ್ಣು ಕೊಟ್ಟ ಮಾವ ಆದಾಗ ಮಾತ್ರ ನಗುವುದು ಕಷ್ಟ.

ನಾನು ಕೊಟ್ಟೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಬಿ.ಎಡ್ ಮಾಡಲು ಮೈಸೂರಿಗೆ ಹೋದವನು ಬರುವಾಗ ಡಿಗ್ರಿಯ ಜೊತೆ ಹೆಂಡತಿಯನ್ನೂ ತಂದೆ. ಮಾವನವರು ನಿವೃತ್ತ ಕನ್ನಡ ಪಂಡಿತರು. ಒಲ್ಲದ ಮನಸ್ಸಿನಿಂದ ಧಾರೆ ಎರೆದಿದ್ದರು. "ಆ ಬಿಸಿಲು, ಆ ಒರಟು ಮಾತು, ನನ್ನ ಮಗಳು ಹೇಗಿರ್ತಾಳಪ್ಪಾ" ಎಂಬುದೊಂದೇ ಅವರ ಚಿಂತೆ. ಕಡೆಗೆ ಕಣ್ಣಾರೆ ನೋಡಲು ಬಂದೇಬಿಟ್ಟರು. ಬಂದವರೇ ನನ್ನನ್ನು ಪಕ್ಕಕ್ಕೆ ಕರೆದು, "ನೋಡಿ ಅಳಿಯಂದಿರೇ, ಅವಳು ಸುಖವಾಗಿಲ್ಲ ಅಂತ ಕಂಡರೆ ಜೊತೇಲೇ ಕರ್ಕೊಂಡು ಹೋಗ್ತೀನಿ" ಎಂದರು. ರಜೆ ಹಾಕಿ ನಮ್ಮ ಸೀಮೆಯನ್ನೆಲ್ಲ ತೋರಿಸಿ, ಹೇಗಾದರೂ ಅವರ ಮನಸ್ಸು ಗೆಲ್ಲಬೇಕೆಂದು ಹೊರಟೆ.

ಒಗ್ಗರಣಿ

ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕರೆದುಕೊಂಡು ಹೋದೆ. ಹೋಟೆಲಿನವನು ಟೇಬಲ್ ಒರೆಸುತ್ತ, "ಏನ್ ಕೊಡ್ಲಿ ಸರ? ಒಗ್ಗರಣಿ ಐತಿ, ಮಿರ್ಚಿ ಐತಿ" ಎಂದ.

ಮಾವನವರ ಪ್ರಕಾರ ಒಗ್ಗರಣೆ ಎಂದರೆ ಸಾಸಿವೆ, ಕರಿಬೇವು, ಎಣ್ಣೆ. "ಒಗ್ಗರಣೆ ಸರಿ, ಯಾವುದಕ್ಕೆ ಹಾಕಿದ್ದು?" ಎಂದು ಕೇಳಿದರು.

"ಪ್ಲೇಟಿಗ್ರಿ."

ಮಾವನವರು ನನ್ನ ಮುಖ ನೋಡಿದರು. ಅಷ್ಟರಲ್ಲಿ ಒಗ್ಗರಣೆ ಹಾಕಿ ಕಲಸಿದ ಮಂಡಕ್ಕಿ ಗುಡ್ಡೆಯಾಗಿ ಬಂತು, ಪಕ್ಕದಲ್ಲಿ ಎರಡು ಮಿರ್ಚಿ ಬಜ್ಜಿ. ಮಂಡಕ್ಕಿಗೆ ಅವರ ಕಡೆ ಪುರಿ ಎನ್ನುತ್ತಾರೆ. "ಓಹೋ, ಇದು ಪುರಿ ಅಲ್ವೇನಯ್ಯ?" ಎಂದರು.

"ಪೂರಿ ಇಲ್ರಿ ಸರ, ಐತವಾರ ಅಷ್ಟ ಮಾಡ್ತೀವಿ."

ಮಿರ್ಚಿ ಕಚ್ಚಿದ ಮೇಲೆ ಅವರು ಕಣ್ಣೊರೆಸಿಕೊಂಡರು. ಮೆಣಸಿನಕಾಯಿಗೋ, ಮಗಳನ್ನು ನೆನೆದೋ, ಕೇಳುವ ಧೈರ್ಯ ನನಗಾಗಲಿಲ್ಲ.

ಅಡವಿ

ಕೂಡ್ಲಿಗಿ ಕಡೆಯ ಬಂಡೆಗುಡ್ಡಗಳನ್ನು ನೋಡಿ ಅವರು ಸ್ವಲ್ಪ ಮೆತ್ತಗಾದರು. ಹೊಸಹಳ್ಳಿಯ ಹತ್ತಿರ ನನ್ನ ಗೆಳೆಯನ ಊರು. ಅವನ ಮನೆಗೆ ಹೋದರೆ ಬಾಗಿಲಲ್ಲಿ ಅವನ ತಾಯಿ ಮಾತ್ರ ಇದ್ದರು.

"ಯಜಮಾನರು ಇಲ್ಲವೇ ತಾಯಿ?" ಎಂದರು ಮಾವನವರು.

"ಅಡವಿಗೆ ಹೋಗ್ಯಾರ್ರಿ."

ಮಾವನವರು ಎರಡೂ ಕೈ ಜೋಡಿಸಿದರು. ನನ್ನ ಕಿವಿಯಲ್ಲಿ, "ಈ ಕಾಲದಲ್ಲೂ ವಾನಪ್ರಸ್ಥ! ಎಂಥ ಜನ ಇದ್ದಾರಪ್ಪಾ ನಿಮ್ಮ ಕಡೆ!" ಎಂದರು. ಆಮೇಲೆ ಗಂಭೀರವಾಗಿ ಕೇಳಿದರು: "ಹೋಗಿ ಬಹಳ ಕಾಲವಾಯಿತೇ?"

"ಇಲ್ರಿ, ಮುಂಜಾನಿ ಬುತ್ತಿ ಕಟ್ಟಿಗಂಡು ಹೋದ್ರು."

"ಮತ್ತೆ ಹಿಂತಿರುಗುವುದಿಲ್ಲವೇ?"

ಆ ತಾಯಿ ಗಾಬರಿಯಾದರು. "ಯಾಕ ಬರಂಗಿಲ್ರಿ? ಎಮ್ಮಿ ಯಾರು ಹಿಂಡ್ಬೇಕು?"

ನಮ್ಮ ಕಡೆ ಹೊಲಕ್ಕೆ ಹೋಗುವುದನ್ನೂ ಅಡವಿಗೆ ಹೋಗುವುದು ಅನ್ನುತ್ತಾರೆಂದು ನಾನು ಬಸ್ಸಿನಲ್ಲಿ ಬಿಡಿಸಿ ಹೇಳಿದೆ. ಮಾವನವರು ಕೊಟ್ಟೂರು ಬರುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಹಾಸಿಗಿ ಅಲ್ಲೇ

ಬಾಗಳಿಯ ಕಲ್ಲೇಶ್ವರ ಗುಡಿಯ ಕಂಬಗಳನ್ನು ನೋಡಿ ಅವರು ಮೊದಲ ಸಲ "ಭೇಷ್" ಅಂದರು. ಅದೇ ಖುಷಿಯಲ್ಲಿ ಹರಪನಹಳ್ಳಿಗೆ ಬಂದು ಚಹಾದಂಗಡಿಯಲ್ಲಿ ಕೂತೆವು. ಆಗ ಆ ತಾಲ್ಲೂಕು ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿದ ಹೊಸತು. ಮಾವನವರು ಅಂಗಡಿಯವನನ್ನು, "ಈಗ ನೀವು ಬಳ್ಳಾರಿಯವರೋ ದಾವಣಗೆರೆಯವರೋ?" ಎಂದು ಕೇಳಿದರು.

"ರಾತ್ರಿ ಬಳ್ಳಾರಿ ಜಿಲ್ಲೆಯಾಗ ಮಲಗಿದ್ವಿ ಸಾರ್, ಬೆಳಿಗ್ಗೆ ದಾವಣಗೆರೆ ಜಿಲ್ಲೆಯಾಗ ಎದ್ವಿ. ಹಾಸಿಗಿ ಅಲ್ಲೇ ಐತೆ."

"ಏನೂ ಬದಲಾಗಿಲ್ಲವೇ ಹಾಗಾದರೆ?"

"ಯಾಕಾಗಿಲ್ಲ ಸಾರ್? ಮೊದ್ಲು ಬೆಣ್ಣೆದೋಸೆ ತಿನ್ನಾಕೆ ಪರಜಿಲ್ಲೆಗೆ ಹೋಗ್ತಿದ್ವಿ, ಈಗ ನಮ್ಮ ಜಿಲ್ಲೆಗೇ ಹೋಗ್ತೀವಿ."

ಪೂರ್ತಿ ಹೆಸರು

ಮರುದಿನ ಹಡಗಲಿಗೆ ಹೊರಟೆವು. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಬೇಕು. ನಾವೆಲ್ಲ ಎಚ್‌ಬಿ ಹಳ್ಳಿ ಅಂದು ಮುಗಿಸುತ್ತೇವೆ. ಮಾವನವರಿಗೆ ಅದು ಒಪ್ಪಿಗೆಯಿಲ್ಲ. ಕೊಟ್ಟೂರಿನ ನಿಲ್ದಾಣದಲ್ಲೇ ಕಂಡಕ್ಟರನನ್ನು ತಡೆದು, ಒಂದೊಂದೇ ಅಕ್ಷರ ಬಿಡಿಸಿ, "ಸ್ವಾಮಿ, ಈ ವಾಹನವು ಹಗರಿ... ಬೊಮ್ಮನ..." ಎನ್ನುವಷ್ಟರಲ್ಲಿ ಕಂಡಕ್ಟರ್ ರೈಟ್ ಅಂದ, ಬಸ್ಸು ಹೋಯಿತು. ಮುಂದಿನ ಬಸ್ಸಿಗೆ ಅವರೇ ಓಡಿಹೋಗಿ "ಎಚ್‌ಬಿ!" ಎಂದು ಕೂಗಿದರು.

ಹಡಗಲಿಯಲ್ಲಿ ಹೊಳೆ ನೋಡಿದರು, ಮಲ್ಲಿಗೆ ನೋಡಿದರು. ಮಗಳಿಗೆಂದು ಹೂ ಕೊಂಡು, ಬಾಡದಂತೆ ಎಲೆಯಲ್ಲಿ ಕಟ್ಟಿಸಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ನನಗೆ ನಿಜಕ್ಕೂ ಸಂತೋಷವಾಯಿತು. ಇನ್ನು ಗೆದ್ದಂತೆಯೇ ಅಂದುಕೊಂಡೆ.

ದಿನಾ ಬಡಿಯಾದು

ಮನೆಗೆ ಬಂದ ಕೂಡಲೇ ಹೂವನ್ನು ಮಗಳಿಗೆ ಕೊಟ್ಟು ಮಾವನವರು ಪಡಸಾಲೆಯಲ್ಲಿ ಕೂತರು. ನಾನು ಬಚ್ಚಲಿಗೆ ಹೋದೆ. ಮುಖಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಹೊರಗಿನ ಮಾತು ಕಿವಿಗೆ ಬಿತ್ತು. ಮಾವನವರು ನಮ್ಮವ್ವನನ್ನು, "ನಮ್ಮ ಹುಡುಗಿ ಹೊಂದ್ಕೊಂಡಿದ್ದಾಳೇನಮ್ಮಾ?" ಎಂದು ಕೇಳುತ್ತಿದ್ದರು.

"ಭಾಳ ಚಲೋ ಹುಡುಗಿ ಬಿಡ್ರಿ. ಬಂದ ಹೊಸ್ತಾಗ ಅಷ್ಟ ತ್ರಾಸಾತು. ನಿಮ್ಮ ಕಡಿ ಬಡಿಯಾದು ಇಲ್ಲಂತಲ್ರಿ?"

"ಬಡಿಯೋದೇ?"

"ಹೂಂನ್ರಿ. ನಾನ ದಿನಾ ಮುಂದ ಕುಂದ್ರಿಸಿಕಂಡು ಬಡಿದೆ. ಕೈಯೆಲ್ಲ ಕೆಂಪಾಗಿ ಅಳ್ತಿದ್ಲು, ಪಾಪ. ಈಗ ರೂಢಿ ಆಗೈತಿ. ಈಗ ಆಕಿನೂ ಬಡಿತಾಳ, ನನಗಿಂತ ಜೋರು."

"ನಿಮ್ಮ ಮಗ ಏನೂ ಹೇಳಲಿಲ್ಲವೇ?"

"ಅವ ಏನ್ ಹೇಳ್ತಾನ್ರಿ? ಬಡಿಯಾದು ಮುಗಿಯಾತನ ತಾಟು ಹಿಡಕಂಡು ಕುಂತಿರ್ತಾನ."

ಅದೇ ಹೊತ್ತಿಗೆ ಅಡುಗೆಮನೆಯಿಂದ ಪಟಪಟ ಸದ್ದು ಶುರುವಾಯಿತು. "ಅಯ್ಯೋ ಮಗಳೇ!" ಎಂದು ಮಾವನವರು ಒಳಗೆ ಓಡಿದರು. ಸೋಪಿನ ಮುಖದಲ್ಲೇ ನಾನೂ ಓಡಿದೆ.

ಮಗಳು ಒಲೆಯ ಮುಂದೆ ಕೂತಿದ್ದಳು. ಮುಡಿಯಲ್ಲಿ ಹಡಗಲಿ ಮಲ್ಲಿಗೆ, ಮೊಣಕೈತನಕ ಜೋಳದ ಹಿಟ್ಟು. ಅಂಗೈಯಿಂದ ಪಟಪಟ ಬಡಿದು ಚಂದ್ರನಷ್ಟು ಗುಂಡಗೆ ರೊಟ್ಟಿ ಮಾಡುತ್ತಿದ್ದಳು. "ಬನ್ನಿ ಅಪ್ಪಾ, ಬಿಸಿ ಇದೆ, ಕೂತ್ಕೊಳ್ಳಿ" ಎಂದಳು. ಮಾವನವರು ಅಲ್ಲೇ ನೆಲಕ್ಕೆ ಕೂತರು. ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ನಿಲ್ಲಲಿಲ್ಲ. ನಾಲ್ಕು ರೊಟ್ಟಿ ತಿಂದು ನನ್ನ ಬೆನ್ನು ತಟ್ಟಿ, "ಇನ್ನು ನನಗೆ ಚಿಂತೆಯಿಲ್ಲಪ್ಪಾ" ಎಂದರು.

ಈ ಸಂತೋಷವನ್ನು ಅತ್ತೆಯವರಿಗೆ ತಿಳಿಸದಿದ್ದರೆ ಹೇಗೆ? ಓಣಿಯ ತುದಿಯ ಎಸ್‌ಟಿಡಿ ಬೂತಿಗೆ ಹೋದರು. ನಾನು ಹೊರಗೆ ನಿಂತೆ. ಗಾಜಿನ ಬಾಗಿಲು ದಾಟಿ ಅವರ ಧ್ವನಿ ಓಣಿಗೆಲ್ಲ ಕೇಳುತ್ತಿತ್ತು. ನಮ್ಮ ಕಡೆಯ ಮಾತು ಕಲಿತ ಹೆಮ್ಮೆ ಬೇರೆ.

"ಏನೂ ಯೋಚ್ನೆ ಮಾಡ್ಬೇಡ ಕಣೇ, ಬಹಳ ಒಳ್ಳೆ ಜನ! ಬೀಗಿತ್ತಿ ದಿನಾ ಕೂರಿಸ್ಕೊಂಡು ಬಡೀತಾರೆ. ಮೊದಲು ಅಳ್ತಿದ್ದಳಂತೆ, ಈಗ ಇವಳೂ ಬಡೀತಾಳೆ. ಅಳಿಯಂದಿರು ನೋಡ್ತಾ ಕೂತಿರ್ತಾರೆ. ನನಗೂ ಈಗ ತಾನೇ ಬಿಸಿಬಿಸಿಯಾಗಿ ನಾಲ್ಕು ಕೊಟ್ಟರು! ಹಲೋ... ಹಲೋ?"

ಲೈನು ಕಟ್ಟಾಗಿತ್ತು. "ಇರಲಿ, ವಿಷಯ ತಿಳೀತಲ್ಲ" ಎಂದು ಮಾವನವರು ನಿಶ್ಚಿಂತೆಯಿಂದ ಬಂದು ಮಲಗಿದರು.

ಮರುದಿನ ಮಧ್ಯಾಹ್ನ ನಮ್ಮ ಮನೆಯ ಮುಂದೆ ಮೈಸೂರಿನ ಟ್ಯಾಕ್ಸಿ ನಿಂತಿತು. ಮೊದಲು ಅತ್ತೆಯವರು ಇಳಿದರು, ಅತ್ತು ಕಣ್ಣು ಊದಿತ್ತು. ಹಿಂದೆಯೇ ಅವರ ಇಬ್ಬರು ತಮ್ಮಂದಿರು ಅಂಗಿಯ ತೋಳು ಮಡಚಿಕೊಳ್ಳುತ್ತ ಇಳಿದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ, ನಮ್ಮವ್ವ ಸಂಭ್ರಮದಿಂದ ಬಾಗಿಲಿಗೆ ಓಡಿ ಬಂದಳು.

"ಬರ್ರಿ, ಬರ್ರಿ! ಬರಾದು ಮೊದ್ಲ ಹೇಳಿದ್ರ ತಯಾರಾಗಿರ್ತಿದ್ವಿ. ಕೈಕಾಲು ತೊಳಕಂಡು ಸಾಲಾಗಿ ಕುಂದ್ರಿ, ಈಗ ಎಲ್ಲಾರಿಗೂ ಬಡಿತೀನಿ!"