ಮೇಷ್ಟರ ಹಣ ಕೋಲಾರಕ್ಕೆ ಹೊರಟದ್ದು

ಕೋದಂಡರಾಮಪ್ಪ ಮೇಷ್ಟರ ಹತ್ತಿರ ಎಷ್ಟು ಹಣವಿದೆ ಎಂಬುದು ಮುಳಬಾಗಿಲಿನಲ್ಲಿ ಗುಟ್ಟಾಗಿರಲಿಲ್ಲ. ಅದಕ್ಕೆ ಕಾರಣ ಧನವರ್ಧಿನಿ ಬ್ಯಾಂಕಿನ ಗುಮಾಸ್ತ ಮುನಿಕೃಷ್ಣಪ್ಪ. ಮನುಷ್ಯ ಕೆಟ್ಟವನಲ್ಲ. ಯಾರದೇ ಒಂದು ಕಾಸನ್ನೂ ಮುಟ್ಟಿದವನಲ್ಲ. ಕೈ ಶುದ್ಧ, ಬಾಯಿಗೆ ಮಾತ್ರ ಬೀಗವಿರಲಿಲ್ಲ. ಸಂಜೆ ಬ್ಯಾಂಕಿನ ಬಾಗಿಲು ಹಾಕಿ ಬಂದು ಮನೆಯ ಜಗಲಿಯ ಮೇಲೆ ಕೂತನೆಂದರೆ, ಆ ದಿನ ಯಾರು ಹಣ ಕಟ್ಟಿದರು, ಯಾರು ತೆಗೆದರು ಎಂಬುದೆಲ್ಲ ಬೀದಿಗೆ ತಿಳಿಯುತ್ತಿತ್ತು. ಮೇಷ್ಟರ ಮನೆಯೂ ಅದೇ ಬೀದಿಯಲ್ಲಿತ್ತು.

ಮೇಷ್ಟರು ಸಂಬಳದಲ್ಲಿ ತಿಂಗಳಿಗೆ ಮೂರೋ ನಾಲ್ಕೋ ರೂಪಾಯಿ ಉಳಿಸಿ ಕಟ್ಟಿ ಬರುವರು. ಮಾರನೆಯ ಬೆಳಿಗ್ಗೆ ಹೆಂಡತಿಯ ತಮ್ಮ ಕದಿರಪ್ಪ ಬಾಗಿಲಲ್ಲಿ ನಿಂತಿರುವನು. "ಬಾವಾ, ನಿಮ್ಮದು ನಾನೂರು ದಾಟ್ತಂತೆ. ನನ್ನ ಸೈಕಲ್ ಶಾಪಿಗೆ ಒಂದು ನೂರು ಕೊಟ್ರೆ ಯುಗಾದಿಗೆ ವಾಪಸ್ಸು." ಯಾವ ಯುಗಾದಿ ಎಂದು ಅವನು ಹೇಳುತ್ತಿರಲಿಲ್ಲ. ಅವನ ಹಿಂದೆಯೇ ಸೋದರತ್ತೆ ಬೈರಮ್ಮ ಬರುವಳು. ಅವಳಿಗೆ ಒಂದು ಸೀಮೆಹಸು ಬೇಕಾಗಿತ್ತು. ಹಣ ಇದ್ದೂ ಇಲ್ಲವೆನ್ನುವುದು ಮೇಷ್ಟರಿಗೆ ಸಾಧ್ಯವೇ ಇರಲಿಲ್ಲ, ಅವರಿಗಿಂತ ಚೆನ್ನಾಗಿ ಅವರ ಲೆಕ್ಕವೆಲ್ಲ ಸಾಲ ಕೇಳಲು ಬಂದವರ ಬಾಯಲ್ಲೇ ಇರುತ್ತಿತ್ತು. ಇಲ್ಲ ಎನ್ನುವುದಕ್ಕೆ ಒಂಬತ್ತು ವರ್ಷಗಳಿಂದ ಹೊಸ ಹೊಸ ಕಾರಣ ಹುಡುಕಿ ಹುಡುಕಿ ಅವರು ಬಳಲಿಹೋಗಿದ್ದರು.

ಆ ಹಣ ಮಗಳು ಭಾರತಮ್ಮನದು. ಹುಡುಗಿ ಮಿಡ್ಲ್ ಸ್ಕೂಲ್ ಪರೀಕ್ಷೆಯಲ್ಲಿ ತಾಲ್ಲೂಕಿಗೇ ಎರಡನೆಯವಳಾಗಿ ಬಂದಿದ್ದಳು. ಅವಳನ್ನು ಬೆಂಗಳೂರಿನ ಹೈಸ್ಕೂಲಿಗೆ ಸೇರಿಸಿ ಹಾಸ್ಟೆಲಿನಲ್ಲಿ ಬಿಡಬೇಕೆಂದು ಗಂಡ ಹೆಂಡತಿ ಒಳಮನೆಯಲ್ಲಿ ಪಿಸುಮಾತಿನಲ್ಲಿ ತೀರ್ಮಾನಿಸಿದ್ದರು. ಮೂರು ವರ್ಷದ ಖರ್ಚಿಗೆ ಹಿಡಿದು ಹಿಡಿದು ಸಾಲುವಷ್ಟಿತ್ತು. ಅದರಲ್ಲಿ ಒಂದು ನೂರು ಹೋದರೂ ಹುಡುಗಿ ಎರಡು ವರ್ಷಕ್ಕೇ ಮನೆಗೆ ವಾಪಸ್ಸು.

"ಇನ್ನು ನನ್ನ ಕೈಲಾಗಲ್ಲ ಕಣೇ," ಎಂದರು ಮೇಷ್ಟರು. "ಈ ಊರಲ್ಲಿ ದುಡ್ಡಿರೋವರೆಗೂ ಅದು ನಮ್ಮದಲ್ಲ."

"ಹಂಗಾದ್ರೆ ಕೋಲಾರದ್ದಕ್ಕೆ ಸಾಗಿಸ್ಬಿಡಿ. ಯಾರಿಗೂ ಗೊತ್ತಾಗದ ಹಾಗೆ ಹೋಗ್ಬನ್ನಿ," ಎಂದಳು ಹೆಂಡತಿ ವೆಂಕಟರತ್ನಮ್ಮ.

ಕೋಲಾರದ್ದು ಎಂದರೆ ಲೋಕಸಹಾಯ ಬ್ಯಾಂಕು. ಮೇಷ್ಟರು ಹೋದ ತಿಂಗಳು ಪರೀಕ್ಷೆ ಕೆಲಸಕ್ಕೆಂದು ಕೋಲಾರಕ್ಕೆ ಹೋದಾಗ, ಅಲ್ಲಿ ಐದು ರೂಪಾಯಿ ಕಟ್ಟಿ ಸದ್ದಿಲ್ಲದೆ ಒಂದು ಖಾತೆ ತೆರೆದು ಬಂದಿದ್ದರು. ಈಗ ಮುಳಬಾಗಿಲಿನ ಹಣವನ್ನು ಅಲ್ಲಿಗೆ ಸೇರಿಸಿದರೆ ಮುಗಿಯಿತು. ಡ್ರಾಫ್ಟು ಬರೆಸಿದ್ದರೆ ಒಂದು ಕಾಗದದಲ್ಲಿ ಕೆಲಸ ಆಗುತ್ತಿತ್ತು. ಆದರೆ ಆ ಡ್ರಾಫ್ಟನ್ನು ಬರೆಯಬೇಕಾದವನೂ ಮುನಿಕೃಷ್ಣಪ್ಪನೇ. ಆದ್ದರಿಂದ ಹಣವನ್ನು ಕೈಯಲ್ಲೇ ಒಯ್ಯುವುದೆಂದು ನಿಶ್ಚಯವಾಯಿತು.

ಬೇಸಿಗೆ ರಜದ ಕೊನೆಯ ವಾರ, ಒಂದು ಗುರುವಾರ, ಬ್ಯಾಂಕು ತೆರೆಯುವ ಹೊತ್ತಿಗೆ ಮೇಷ್ಟರು ಕಿಟಕಿಯ ಮುಂದೆ ನಿಂತಿದ್ದರು.

"ಎಷ್ಟು ತೆಗೀತೀರಿ ಮೇಷ್ಟ್ರೇ?"

"ಎಲ್ಲಾ," ಎಂದರು ಮೇಷ್ಟರು, ಆದಷ್ಟು ಮೆಲ್ಲಗೆ.

"ಎಲ್ಲಾನಾ!" ಎಂದ ಮುನಿಕೃಷ್ಣಪ್ಪ, ಆದಷ್ಟು ಜೋರಾಗಿ. ಹಿಂದೆ ನಿಂತಿದ್ದ ಇಬ್ಬರು ತಮ್ಮ ಪಾಸ್‌ಬುಕ್ಕನ್ನು ತಿರುವಿ ನೋಡಿಕೊಂಡರು.

ಇಲ್ಲಿ ಒಂದು ಮಾತು ಹೇಳಬೇಕು. ಕೋದಂಡರಾಮಪ್ಪ ಮೇಷ್ಟರಷ್ಟು ಹುಷಾರಿನ ಮನುಷ್ಯ ಆ ತಾಲ್ಲೂಕಿನಲ್ಲೇ ಇಲ್ಲ ಎಂದು ಜನ ನಂಬಿದ್ದರು. ಬಾವಿಗೆ ಬಿಂದಿಗೆ ಇಳಿಸುವ ಮೊದಲು ಹಗ್ಗವನ್ನು ಮೂರು ಸಲ ಜಗ್ಗಿ ನೋಡುವವರು ಅವರು. ಅಂಥವರು ಒಂಬತ್ತು ವರ್ಷ ಇಟ್ಟ ಹಣವನ್ನು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಗುಡಿಸಿಕೊಂಡು ಹೊರಟರೆ ನೋಡಿದವರು ಏನೆಂದುಕೊಳ್ಳಬೇಕು? ಮೇಷ್ಟರಿಗೆ ಇದು ಹೊಳೆಯಲೇ ಇಲ್ಲ. ನಾನೂರ ಐದು ರೂಪಾಯಿ, ಅದೂ ಸಂತೆಯ ವ್ಯಾಪಾರಿಗಳು ಕಟ್ಟಿದ ಒಂದೊಂದು ರೂಪಾಯಿಯ ಹಳೇ ನೋಟುಗಳು, ಇಟ್ಟಿಗೆಯಷ್ಟು ದಪ್ಪದ ಎರಡು ಕಟ್ಟು. ಅವನ್ನು ಕೈಚೀಲಕ್ಕೆ ತುಂಬಿ, ಮೇಲೆ ಒಂದು ಪಂಚೆ ಮುಚ್ಚಿ, ಛತ್ರಿ ಹಿಡಿದು ಬಸ್ಸಿನ ಕಡೆ ನಡೆದರು.

ಯುದ್ಧ ಶುರುವಾಗಿ ನಾಲ್ಕನೆಯ ವರ್ಷ. ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದ್ದರು. ಆ ಒಲೆಯ ಹೊಗೆಯಿಂದ ಬಸ್ಸು ಓಡಬೇಕು. ಹತ್ತೂವರೆಯ ಬಸ್ಸು ಹನ್ನೊಂದಕ್ಕೆ ಹೊರಟು, ಕೆಮ್ಮುತ್ತಾ ಉಸಿರೆಳೆಯುತ್ತಾ ಹೋಗಿ, ದೇವರಾಯಸಮುದ್ರದ ಕೆರೆಯ ಹತ್ತಿರ ನಿಂತುಬಿಟ್ಟಿತು.

"ಗಂಡಸರೆಲ್ಲ ಇಳೀರಿ, ತಳ್ಬೇಕು!" ಎಂದ ಡ್ರೈವರು.

ಮೇಷ್ಟರು ಚೀಲ ಎದೆಗವಚಿಕೊಂಡೇ ಇಳಿದರು. ಚೀಲ ಹಿಡಿದರೆ ತಳ್ಳುವ ಹಾಗಿಲ್ಲ, ತಳ್ಳಬೇಕೆಂದರೆ ಚೀಲ ಬಿಡಬೇಕು. ಅವರು ಒಂದು ಭುಜದಿಂದ ಬಸ್ಸನ್ನು ಒತ್ತುತ್ತಿದ್ದರು. ಕಿಟಕಿಯ ಪಕ್ಕ ಕೂತಿದ್ದ ಮುದುಕಿ ಆಂಜಿನಮ್ಮ ಅವರನ್ನೇ ನೋಡುತ್ತಿದ್ದಳು.

"ಚೀಲದಾಗೆ ಏನೈತೆ ಸ್ವಾಮಿ, ಅಂಗೆ ಹಿಡ್ಕಂಡಿದೀರಾ?"

ಮೇಷ್ಟರ ಬಾಯಿಗೆ ಬಂದದ್ದು ಒಂದೇ. "ಪರೀಕ್ಷೆ ಪೇಪರು ತಾಯಿ. ಕೋಲಾರದಲ್ಲಿ ಒಪ್ಪಿಸ್ಬೇಕು."

ಮುದುಕಿಯ ಮುಖ ಅರಳಿತು. "ನನ್ನ ಮೊಮ್ಮಗಂದೂ ಅದ್ರಾಗೇ ಇರ್ತದೆ! ಎಲ್ಡು ಸಲ ಫೇಲಾಗವ್ನೆ. ಒಂದ್ಕಿತ ತೆಗ್ದು ನೋಡಿ ಸ್ವಾಮಿ. ಎಲ್ಡೇ ಎಲ್ಡು ಮಾರ್ಕು ಹಾಕ್ಬಿಡಿ, ನಿಮ್ಮ ಮನೆಗೆ ಒಂದು ಚೀಲ ರಾಗಿ ಕಳುಸ್ತೀನಿ." ಅವಳು ಕಿಟಕಿಯಿಂದ ಕೈಚಾಚಿ ಚೀಲದ ಮೇಲಿನ ಪಂಚೆಯನ್ನೇ ಹಿಡಿದಳು.

"ಬಿಡಿ ತಾಯಿ, ಸರ್ಕಾರದ ಪೇಪರು!"

"ಅಯ್ಯೋ, ನೋಡಿದ್ರೆ ಸವೀತದಾ?"

ತಳ್ಳುತ್ತಿದ್ದವರೆಲ್ಲ ತಳ್ಳುವುದನ್ನು ಬಿಟ್ಟು ಸುತ್ತ ನಿಂತರು. ಅವರಲ್ಲಿ ಮೂವರಿಗೆ ಪರೀಕ್ಷೆ ಬರೆದ ಮಕ್ಕಳಿದ್ದರು. ಕೊನೆಗೆ ಮೇಷ್ಟರು ನಡುರಸ್ತೆಯಲ್ಲಿ ನಿಂತು, ತಾವು ಕಂಡೇ ಇರದ ನಾಲ್ಕು ಹುಡುಗರನ್ನು ಪಾಸು ಮಾಡುವುದಾಗಿ ಮಾತು ಕೊಡಬೇಕಾಯಿತು. ಮೂವತ್ತು ವರ್ಷದ ಮೇಷ್ಟರಿಕೆಯಲ್ಲಿ ಅವರು ಇಂಥ ಕೆಲಸ ಮಾಡಿರಲಿಲ್ಲ. ಆದರೆ ಆಗ ಅವರಿಗೆ ನಾಚಿಕೆಪಡುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಕ್ಲೀನರು ಒಲೆಗೆ ಇದ್ದಿಲು ಸುರಿದು ಗಾಳಿ ಹಾಕುತ್ತಿದ್ದ. ಅಷ್ಟರಲ್ಲಿ ಮುಳಬಾಗಿಲಿನ ಕಡೆಯಿಂದ ಇನ್ನೊಂದು ಕಂಪನಿಯ ಬಸ್ಸು ಧೂಳೆಬ್ಬಿಸುತ್ತಾ ಬಂತು. ಒಳಗೆ ಕಾಲಿಡಲು ಜಾಗವಿಲ್ಲ, ಮೇಲೂ ಜನ. ಪರಿಚಯದವರು ಯಾರಾದರೂ ನೋಡಿಯಾರೆಂದು ಮೇಷ್ಟರು ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದರು. ಬಸ್ಸಿನಿಂದ ಯಾರೋ ಏನೋ ಕೂಗಿದರು, ಕೈಬೀಸಿದರು. ಯಾರದೋ ಮದುವೆ ದಿಬ್ಬಣವಿರಬೇಕು ಎಂದುಕೊಂಡು ಮೇಷ್ಟರು ಧೂಳು ಅಡಗುವವರೆಗೂ ಛತ್ರಿಯ ಹಿಂದೆಯೇ ನಿಂತಿದ್ದರು.

ಅವರ ಬಸ್ಸು ಕೋಲಾರ ಮುಟ್ಟಿದಾಗ ಒಂದೂ ಕಾಲು. ಲೋಕಸಹಾಯ ಬ್ಯಾಂಕಿನ ಕಿಟಕಿ ಎರಡಕ್ಕೆ ಸರಿಯಾಗಿ ಮುಚ್ಚುತ್ತಿತ್ತು. ಮೇಷ್ಟರು ಬೆವರೊರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದರು.

ಒಳಗೆ ಇಡೀ ಮುಳಬಾಗಿಲು ಕೂತಿತ್ತು.

ಬೆಂಚಿನ ಮೇಲೆ ಬೈರಮ್ಮ, ಅವಳ ಪಕ್ಕ ಕದಿರಪ್ಪ, ಗೋಡೆಗೊರಗಿ ಬೀದಿಯ ಅಕ್ಕಸಾಲಿ, ತರಕಾರಿ ಮಂಡಿಯವರು, ಎದುರುಮನೆಯ ಪೆದ್ದಪ್ಪ, ಎಲ್ಲರ ಮಡಿಲಲ್ಲೂ ಒಂದೊಂದು ಗಂಟು. ಮಧ್ಯದಲ್ಲಿ ಮುನಿಕೃಷ್ಣಪ್ಪ ನಿಂತಿದ್ದ.

"ಬಂದ್ರು! ಮೇಷ್ಟ್ರು ಬಂದ್ರು!" ಎಂದ ಅವನು. "ದಾರೀಲಿ ಅಷ್ಟು ಕೂಗಿದ್ವಿ, ಛತ್ರಿ ಅಡ್ಡ ಹಿಡ್ಕೊಂಡ್ಬಿಟ್ರಲ್ಲ!"

ಮೇಷ್ಟರು ಬಾಗಿಲಲ್ಲೇ ನಿಂತು ಕೇಳಿದರು. "ನೀವೆಲ್ಲ ಇಲ್ಲಿ ಯಾಕೆ?"

"ಯಾಕೇಂತ ಕೇಳ್ತೀಯಲ್ಲ ನಾಯನಾ!" ಎಂದಳು ಬೈರಮ್ಮ. "ನಿನ್ನಂಥೋನೇ ದುಡ್ಡು ಬಾಚ್ಕೊಂಡು ಓಡ್ದ ಮೇಲೆ ಆ ಬ್ಯಾಂಕು ಇನ್ನೆಷ್ಟು ದಿನ ಇರ್ತದೆ? ನೀನು ಎಲ್ಲಿಟ್ರೆ ನಾವೂ ಅಲ್ಲೇ."

"ಆ ಬ್ಯಾಂಕಿಗೆ ಏನೂ ಆಗಿಲ್ಲ ಅತ್ತೆ!"

"ಬೆಳಿಗ್ಗೆ ಆಗಿರ್ಲಿಲ್ಲ," ಎಂದ ಮುನಿಕೃಷ್ಣಪ್ಪ. "ನೀವು ಹೋದ ಅರ್ಧ ಗಂಟೆಗೆ ಜನ ಬೀದಿವರೆಗೂ ನಿಂತ್ರು. ಕೊಟ್ವಿ, ಕೊಟ್ವಿ, ಇವತ್ತಿಗೆ ಪೆಟ್ಟಿಗೆ ಖಾಲಿ ಆಯ್ತು. ಕೊಡೋಕೆ ಏನೂ ಇಲ್ದೇ ಇದ್ಮೇಲೆ ನಾನು ಕೂತು ಏನ್ಮಾಡ್ಲಿ? ನಂದೂ ತಗೊಂಡು ಬಂದೆ."

"ಆದ್ರೆ ಈ ಬ್ಯಾಂಕು ಅಂತ ನಿಮಗೆ ಯಾರು ಹೇಳಿದ್ರು?"

ಮುನಿಕೃಷ್ಣಪ್ಪ ಆಶ್ಚರ್ಯದಿಂದ ನೋಡಿದ. "ನೀವು ಇಲ್ಲಿ ಖಾತೆ ತೆಗೆದಾಗ, ಇವರು ಮರ್ಯಾದಸ್ಥರು ಹೌದಾ ಅಂತ ನಮ್ಮ ಬ್ಯಾಂಕಿಗೆ ಕಾಗದ ಬಂದಿತ್ತಲ್ಲ. ಹೌದು ಅಂತ ಉತ್ತರ ಬರೆದೋನೇ ನಾನು. ಊರಿಗೆಲ್ಲ ಗೊತ್ತು ಮೇಷ್ಟ್ರೇ. ಐದೇ ರೂಪಾಯಿ ಅಂತ ಯಾರೂ ನಿಮ್ಮನ್ನ ಕೇಳಿರ್ಲಿಲ್ಲ, ಅಷ್ಟೆ."

ಆದದ್ದಾಯಿತು, ಹಣವನ್ನು ಮೊದಲು ಒಳಗೆ ಹಾಕಿಬಿಡೋಣ ಎಂದು ಮೇಷ್ಟರು ನೇರವಾಗಿ ಕಿಟಕಿಗೆ ಹೋಗಿ ಚೀಲ ಇಟ್ಟರು. ಅದರಾಚೆ ಕೂತಿದ್ದ, ಬ್ಯಾಂಕಿನ ಮುಖ್ಯಸ್ಥರಾದ ಏಜೆಂಟರು, ಚಿನ್ನದ ಕಟ್ಟಿನ ಕನ್ನಡಕದವರು, ದೇವರೇ ಬಂದಂತೆ ಎದ್ದು ನಿಂತು ಕೈಮುಗಿದರು.

"ಬನ್ನಿ ಸ್ವಾಮಿ, ನಿಮಗೇ ಕಾಯ್ತಾ ಇದ್ವಿ. ಹೊಸ ಖಾತೆ ತೆಗೆಯೋಕೆ ನಮ್ಮ ಹಳೇ ಖಾತೆದಾರರು ಒಬ್ಬರು ಗುರುತು ಹಾಕ್ಬೇಕು, ಅದು ನಮ್ಮ ರೂಲು. ಮುಳಬಾಗಿಲಿನವರು ಅಂತ ನಮ್ಮ ಪುಸ್ತಕದಲ್ಲಿ ಇರೋದು ನೀವೊಬ್ಬರೇ. ಮೂವತ್ತನಾಲ್ಕು ಅರ್ಜಿ ಇದೆ."

"ಆಗಲಿ. ಮೊದಲು ನನ್ನದೊಂದು ತಗೊಂಡುಬಿಡಿ."

"ನಿಮ್ಮದು ಖಾತೆ ಇದ್ದೇ ಇದೆಯಲ್ಲ ಸ್ವಾಮಿ, ಒಂದು ನಿಮಿಷದ ಕೆಲಸ. ಇವರದು ಮುಗಿಸಿ."

"ಮುದುಕಿ ಒಂದ್ಗಂಟೆಯಿಂದ ಕೂತಿದೀನಿ ಕಣಪ್ಪಾ," ಎಂದಳು ಬೈರಮ್ಮ. "ನೀನು ಬಂದೋನೇ ಮುಂದೆ ನುಗ್ತೀಯಲ್ಲ."

ಮೇಷ್ಟರು ಚೀಲವನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೂತು ಬರೆಯತೊಡಗಿದರು. ಸಹಿಯೊಂದೇ ಆಗಿದ್ದರೆ ಪರವಾಗಿರಲಿಲ್ಲ. 'ಇವರನ್ನು ನಾನು ಇಷ್ಟು ವರ್ಷಗಳಿಂದ ಬಲ್ಲೆ, ಇವರು ಪ್ರಾಮಾಣಿಕರು' ಎಂದು ಪ್ರತಿಯೊಂದರಲ್ಲೂ ಸ್ವಂತ ಕೈಯಲ್ಲಿ ಬರೆಯಬೇಕು. ಕದಿರಪ್ಪನ ಅರ್ಜಿ ಬಂದಾಗ ಅವರ ಪೆನ್ನು ಪ್ರಾಮಾಣಿಕ ಎನ್ನುವ ಕಡೆ ಸ್ವಲ್ಪ ಹೊತ್ತು ನಿಂತಿತು. "ಬರೀರಿ ಬಾವಾ, ಶಾಯಿ ಒಣಗ್ತದೆ," ಎಂದ ಅವನು. ಪಕ್ಕದಲ್ಲಿ ನಿಂತ ಮುನಿಕೃಷ್ಣಪ್ಪ ಅಭ್ಯಾಸಬಲದಿಂದ ಒಬ್ಬೊಬ್ಬರ ಹೆಸರನ್ನೂ ಮೊತ್ತವನ್ನೂ ಗಟ್ಟಿಯಾಗಿ ಓದಿ ಕಿಟಕಿಯೊಳಗೆ ದಾಟಿಸುತ್ತಿದ್ದ. ಅವನ ಚುರುಕನ್ನು ಕಂಡು ಏಜೆಂಟರಿಗೆ ಬಹಳ ಸಂತೋಷವಾಯಿತು.

ಮೂವತ್ತನಾಲ್ಕನೆಯ ಅರ್ಜಿ ಮುನಿಕೃಷ್ಣಪ್ಪನದೇ. ಅದಕ್ಕೂ ಪ್ರಾಮಾಣಿಕರು ಎಂದು ಬರೆದು, ಸೋತ ಕೈಯನ್ನು ಉಜ್ಜಿಕೊಂಡು, ಮೇಷ್ಟರು ಚೀಲವನ್ನೆತ್ತಿ ಕಿಟಕಿಯ ಮೇಲಿಟ್ಟರು. ಗೋಡೆಯ ಗಡಿಯಾರ ಎರಡು ಹೊಡೆಯಿತು.

"ನಾಳೆ ಬನ್ನಿ ಸ್ವಾಮಿ," ಎಂದರು ಏಜೆಂಟರು ಬಹಳ ವಿನಯದಿಂದ. "ರೂಲು ಅಂದ್ರೆ ರೂಲು." ಕಿಟಕಿ ಮುಚ್ಚಿತು.

ಮೇಷ್ಟರು ಬೇಡಿಕೊಂಡರು, ಬಾಗಿಲು ತಟ್ಟಿದರು. ಮಗಳ ಓದಿನ ಹಣ ಎಂದು ನಾಲ್ಕು ಜನರೆದುರು ಹೇಳಿಯೂ ಬಿಟ್ಟರು. ಅವರಿಗೆ ಅಳು ಬರುವಂತಾಗಿತ್ತು. ಒಳಗಿನಿಂದ ಹಣ ಎಣಿಸುವ ಸದ್ದು ಮಾತ್ರ ಕೇಳಿಸುತ್ತಿತ್ತು. ಎಲ್ಲರ ಹಣವೂ ಬ್ಯಾಂಕು ಸೇರಿತ್ತು, ಸೇರಿಸಲೆಂದು ಬೆಳಿಗ್ಗೆ ಹೊರಟಿದ್ದವರದೊಂದನ್ನು ಬಿಟ್ಟು.

ಬಸ್ಸು ನಿಲ್ಲುವ ಕಡೆಗೆ ಊರವರೆಲ್ಲ ನಗುನಗುತ್ತಾ ಹೋದರು. ಮೇಷ್ಟರು ಕೊನೆಯಲ್ಲಿ ಕಾಲೆಳೆದುಕೊಂಡು ಹೋದರು. ಬಸ್ಸು ಬಂತು. ಆದರೆ ಯಾರೂ ಹತ್ತಲಿಲ್ಲ. ಎಲ್ಲರೂ ಜೇಬು, ಸೊಂಟ, ಸೆರಗಿನ ತುದಿ ತಡಕಿ, ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ಒಟ್ಟಿಗೇ ಮೇಷ್ಟರ ಕಡೆ ತಿರುಗಿದರು.

"ಮೇಷ್ಟ್ರೇ," ಎಂದ ಪೆದ್ದಪ್ಪ, "ಭಯಕ್ಕೆ ಇದ್ದಬದ್ದದ್ದೆಲ್ಲಾ ಒಳಗೆ ಹಾಕ್ಬಿಟ್ವಿ. ಬಸ್ ಚಾರ್ಜಿಗೆ ಕಾಸಿಲ್ಲ."

"ನಾನೇನು ಮಾಡ್ಲಿ?"

"ಕೈಯಲ್ಲಿ ದುಡ್ಡಿರೋದು ನಿಮ್ಮೊಬ್ಬರ ಹತ್ರಾನೇ ಅಲ್ವಾ ಬಾವಾ," ಎಂದ ಕದಿರಪ್ಪ. "ಬ್ಯಾಂಕಿಂದ ತೆಗೆದ ತಕ್ಷಣ ವಾಪಸ್ಸು."

"ತೆಗೆಯೋಕೆ ಕೋಲಾರಕ್ಕೆ ಬರ್ಬೇಕಲ್ಲಪ್ಪಾ."

"ಹೌದು. ಬರೋಕೆ ಬಸ್ ಚಾರ್ಜು ಬೇಕು," ಎಂದು ಕದಿರಪ್ಪ ಯೋಚಿಸಿದ. "ಅದನ್ನೂ ನೀವೇ ಕೊಟ್ರೆ ಒಟ್ಟಿಗೇ ತೀರಿಸ್ತೀನಿ."

ಬಿಸಿಲು ಸುಡುತ್ತಿತ್ತು. ಬೈರಮ್ಮ ಕಾಲು ನೋವೆಂದು ನೆಲದ ಮೇಲೆ ಕೂತಿದ್ದಳು. ಇಲ್ಲ ಎನ್ನಲು ಮೇಷ್ಟರು ಒಂದು ಹೊಸ ಕಾರಣ ಹುಡುಕಿದರು. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಒಂದೂ ಸಿಗಲಿಲ್ಲ. ಅವರು ಬಸ್ಸಿನ ಮೆಟ್ಟಿಲ ಮೇಲೆ ಕೂತು, ಎಲ್ಲರ ಕಣ್ಣೆದುರಿಗೆ ಚೀಲ ಬಿಚ್ಚಿ, ತಲೆಗೆ ಎಂಟಾಣೆಯಂತೆ ಮೂವತ್ತೈದು ಟಿಕೀಟಿಗೆ ಹದಿನೇಳೂವರೆ ರೂಪಾಯಿ ಎಣಿಸಿ ಕಂಡಕ್ಟರನ ಕೈಗೆ ಕೊಟ್ಟರು.

ಬಸ್ಸು ಹೊರಟಿತು. ಮುಂದಿನ ಸೀಟಿನಲ್ಲಿದ್ದ ಮುನಿಕೃಷ್ಣಪ್ಪ ಹಿಂದಕ್ಕೆ ತಿರುಗಿ, ಬಸ್ಸಿಗೆಲ್ಲ ಕೇಳುವಂತೆ ಹೇಳಿದ:

"ಮೇಷ್ಟ್ರ ಹತ್ರ ಈಗ ಉಳಿದದ್ದು ಮುನ್ನೂರ ಎಂಬತ್ತೇಳೂವರೆ!"

ಇದ್ದಿಲ ಬಸ್ಸಿನ ಸದ್ದಿನಲ್ಲಿ ಹಿಂದಿನ ಸೀಟಿಗೆ ಅದು ಸರಿಯಾಗಿ ಮುಟ್ಟಲಿಲ್ಲ. ಇನ್ನೊಂದು ಸಲ ಹೇಳಪ್ಪಾ ಎಂದು ಬೈರಮ್ಮ ಅಲ್ಲಿಂದಲೇ ಕೂಗಿದಳು.