ಉಪ್ಪು ಕಾಗದ ಮತ್ತು ಶನಿವಾರದ ಬಾಗಿಲು

ಒಬ್ಬನೇ ಇರುವ ಗಂಡಸಿನ ಕೈಗೆ ಯಾವ ಆಯುಧವನ್ನೂ ಕೊಡಬಾರದು. ಕತ್ತಿ, ಕೊಡಲಿಯೇ ಆಗಬೇಕಿಲ್ಲ. ಅಂಗೈಯಗಲದ ಉಪ್ಪು ಕಾಗದವೂ ಸಾಕು. ಹೆಸರಿಗಷ್ಟೇ ಉಪ್ಪು. ಮುಟ್ಟಿದರೆ ಕಲ್ಲುಪ್ಪಿನ ಹಾಗೆ ತರಿತರಿ. ಮರ ಉಜ್ಜಿ ನುಣುಪು ಮಾಡುವುದು ಅದರ ಕೆಲಸ. ಕಬ್ಬಿಣ ಉಜ್ಜುವ ಅದರ ಕಪ್ಪು ತಮ್ಮನಿಗೆ ಅಂತರಸನಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ ‘ಎಮರಿ’ ಅನ್ನುತ್ತಾರೆ. ಸ್ಟೋರಿನಲ್ಲಿ ಕೂತು ಹತ್ತು ವರ್ಷ ಅದನ್ನು ಕಂಡಕಂಡವರಿಗೆ ಕೊಟ್ಟಿದ್ದೇನೆ; ಒಂದು ದಿನವೂ ನಾನೇ ಉಜ್ಜಿದವನಲ್ಲ.

ಟೀಚರಾಗಿದ್ದ ಹೆಂಡತಿ ಜಯಾಳಿಗೆ ಅಮೃತೂರಿನ ಶಾಲೆಗೆ ವರ್ಗವಾಯಿತು; ಅವಳು ಅಲ್ಲೇ ರೂಮು ಮಾಡಿಕೊಂಡಳು. ಮೊಬೈಲು ಇನ್ನೂ ನಮ್ಮಂಥವರ ಜೇಬಿಗೆ ಬಂದಿರಲಿಲ್ಲ. ಉಪ್ಪಾರಹಳ್ಳಿಯ ಮನೆಯಲ್ಲಿ ವಾರವೆಲ್ಲ ನಾನು, ನನ್ನ ಸೀದ ಅನ್ನ. ಶನಿವಾರ ಸಂಜೆ ಅವಳು ಬರುವಳು. ಮಳೆಗೆ ಉಬ್ಬಿದ ಬೀದಿ ಬಾಗಿಲು ಒಬ್ಬರಿಗೆ ಜಗ್ಗುತ್ತಿರಲಿಲ್ಲ; ನಾನೊಬ್ಬನೇ ಇದ್ದಾಗ ಹಿತ್ತಲ ಬಾಗಿಲಲ್ಲೇ ಓಡಾಟ. “ರೀ, ಎಳೀರಿ!” ಎಂದು ಕೂಗಿ ಹೊರಗಿಂದ ಅವಳು ತಳ್ಳಬೇಕು, ಒಳಗಿಂದ ನಾನು ಎಳೆಯಬೇಕು. ಬಾಗಿಲು ತಟ್ಟನೆ ಬಿಟ್ಟುಕೊಂಡು ಅವಳು ಚೀಲದ ಸಮೇತ ನನ್ನ ಮೇಲೆ ಬೀಳುವಳು. ನಕ್ಕು ಮುಗಿದ ಮೇಲೆ ಬೈಗುಳ: “ಇದನ್ನೊಂದು ರಿಪೇರಿ ಮಾಡ್ಸೋಕೆ ನಿಮಗೇನ್ರೀ ಕಷ್ಟ?”

ಗುಬ್ಬಿಯ ಬಡಗಿ ಸಿದ್ದಣ್ಣನನ್ನು ಕರೆಸಿದೆ. “ಹೆರೆಯೋ ಅಷ್ಟೇನಿಲ್ಲ ಬುಡಿ ಸಾರ್. ಈ ಉಪ್ಪು ಕಾಗ್ದನ ಮರದ ತುಂಡಿಗೆ ಸುತ್ಕೊಂಡು, ನಾರು ಯಾವ್ ಕಡೆಗ್ ಹೋಗದೋ ಆ ಕಡೆಗೇ ತಿಕ್ಕಿ. ಸಾಕು ಅನ್ಸಿದ್ ತಕ್ಷಣ ನಿಲ್ಸಿಬುಡ್ಬೇಕು,” ಎಂದ.

ತಿಕ್ಕಿದೆ. ಸರಸರ ಸದ್ದಿಗೆ ಮನೆಯಲ್ಲಿ ಇನ್ನೊಬ್ಬರು ಓಡಾಡಿದ ಹಾಗಾಯಿತು. ಸಾಕು ಅಂತ ಮೊದಲ ದಿನವೇ ಅನಿಸಿತು. ಆದರೆ ನಿಲ್ಲಿಸಿದರೆ ಮನೆ ಮತ್ತೆ ಬಿಕೋ ಅನ್ನುತ್ತಿತ್ತು. ಹೀಗೆ ಐದು ಸಂಜೆ ತಿಕ್ಕಿದೆ.

ಶನಿವಾರ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತ ಅವಳ ಕೂಗಿಗೆ ಕಿವಿ ಕೊಟ್ಟುಕೊಂಡೇ ಇದ್ದೆ. ಒಳಗೆ ಬಂದರೆ ಜಯಾ ಆಗಲೇ ಕಾಫಿ ಮಾಡಿಕೊಂಡು ಕುಡಿಯುತ್ತಿದ್ದಾಳೆ! “ಬೆರಳು ತಾಕಿಸಿದ್ರೆ ತಕ್ಕೊಳ್ತು ಕಣ್ರೀ. ಚೆನ್ನಾಗಿ ಮಾಡಿದೀರ,” ಎಂದಳು. ಹೊಗಳಿಸಿಕೊಂಡು ಅಷ್ಟು ಬೇಜಾರಾದದ್ದು ನನಗೆ ಅದೇ ಮೊದಲು.

ಮುಂದಿನ ಶನಿವಾರ ಉಳಿದ ಉಪ್ಪು ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಚೌಕಟ್ಟಿನ ಸಂದಿಗಿಟ್ಟು ಬಾಗಿಲನ್ನು ಬಿಗಿಯಾಗಿ ಒತ್ತಿದೆ. ಸಂಜೆ ಗುದ್ದಿದ ಸದ್ದು. “ರೀ, ಎಳೀರಿ! ಮತ್ತೆ ಹಿಡ್ಕೊಂಡ್ಬಿಟ್ಟಿದೆ!” ಓಡಿಹೋಗಿ ಎಳೆದೆ. ಚೀಲ, ಜಯಾ, ಕಾಗದ ಮೂರೂ ಒಟ್ಟಿಗೆ ಒಳಗೆ ಬಿದ್ದವು. ಅವಳು ಕಾಗದವನ್ನು ಎತ್ತಿ ನೋಡಿದಳು, ನನ್ನ ಮುಖ ನೋಡಿದಳು. ನಾನು ಕಳ್ಳನ ಹಾಗೆ ಕಾಫಿಗೆ ನೀರಿಟ್ಟೆ.

ಸೋಮವಾರ ಅವಳು ಬಸ್ಸಿಗೆ ಹೋದ ಮೇಲೆ ಬಾಗಿಲ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಅದೇ ಕಾಗದ ಕಂಡಿತು. ಎಂಟು ಮಡಿಕೆ ಮಾಡಿ ಇಟ್ಟುಹೋಗಿದ್ದಳು. ಸಂದಿಯಿಂದ ಉದುರದಿರಲು ನಾಲ್ಕು ಮಡಿಕೆ ಸಾಲದು ಎಂಬುದು ಹತ್ತು ವರ್ಷ ಸ್ಟೋರಿನಲ್ಲಿ ಕೂತವನಿಗೇ ಹೊಳೆದಿರಲಿಲ್ಲ.