ಒಂದು ಬಾಗಿಲು, ಒಂದು ಪಠ್ಯಕ್ರಮ

ಆ ಮನೆತನದಲ್ಲಿ ನಾಲ್ಕು ತಲೆಮಾರಿನಿಂದ ಯಾರೂ ಯಾವ ಪರೀಕ್ಷೆಯಲ್ಲೂ ಅನುತ್ತೀರ್ಣರಾಗಿಲ್ಲ. ಇದು ಬಡಾಯಿಯಲ್ಲ, ದಾಖಲೆಯಲ್ಲಿರುವ ಸಂಗತಿ. ಮನೆಗೆ ಹಿರಿಯರಾದ ಅಮ್ಮನವರ ತಾತ ಮೂವತ್ತೆಂಟು ವರ್ಷ ನ್ಯಾಯಾಲಯದ ದಫ್ತರು ನೋಡಿಕೊಂಡರು. ಒಂದು ದಿನವೂ ತಡವಾಗಿ ಹೋದವರಲ್ಲ. ಅವರು ಮೆಟ್ಟಿಲು ಹತ್ತುವುದನ್ನು ನೋಡಿ ಎದುರಂಗಡಿಯವನು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ. ತಂದೆ ಮುಖ್ಯೋಪಾಧ್ಯಾಯರು. ಸೋದರತ್ತೆಯರು ಇಬ್ಬರೂ ಮೊದಲ ದರ್ಜೆ. ಚಿಕ್ಕಪ್ಪ ಒಬ್ಬರು ಒಮ್ಮೆ ಎರಡನೇ ದರ್ಜೆಯಲ್ಲಿ ತೇರ್ಗಡೆಯಾದದ್ದುಂಟು. ಅಂದಿನಿಂದ ಅವರನ್ನು ಮನೆಯಲ್ಲಿ "ದೂರದ ಸಂಬಂಧಿ" ಎಂದು ಪರಿಚಯಿಸುವ ರೂಢಿಯಿದೆ.

ಅಮ್ಮನವರು ಸ್ವತಃ ಕಾನ್ವೆಂಟಿನಲ್ಲಿ ಓದಿದವರು. ಅರವತ್ತೇಳನೇ ವಯಸ್ಸಿನಲ್ಲೂ ಕುರ್ಚಿಗೆ ಬೆನ್ನು ತಾಗಿಸಿ ಕೂತವರಲ್ಲ. ಕೈಚೀಲದಲ್ಲಿ ಸದಾ ಎರಡು ಪೆನ್ನು: ಬರೆಯಲು ನೀಲಿ, ತಿದ್ದಲು ಕೆಂಪು. ಹಾಲಿನವನ ಚೀಟಿಗೂ ಎಡಗಡೆ ಗೆರೆ ಎಳೆದು ಮಾರ್ಜಿನ್ ಬಿಟ್ಟ ಮೇಲೆಯೇ ಓದುವರು. ಬೀದಿಯವರು ಹಿಂದಿನಿಂದ ಅವರನ್ನು "ಗೆರೆಯಮ್ಮ" ಎನ್ನುತ್ತಿದ್ದರು. ಎದುರಿಗೆ ಏನನ್ನೂ ಅನ್ನುತ್ತಿರಲಿಲ್ಲ, ದಾರಿ ಬಿಡುತ್ತಿದ್ದರು.

ಇಂಥ ಮನೆಯಲ್ಲಿ ಮೂವರು ಮೊಮ್ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವ ತೀರ್ಮಾನವಾಯಿತು. ಕಾರಣ ನಡುವಿನವಳು. ಒಂಬತ್ತು ವರ್ಷ. ಬಿಚ್ಚಿದ ಯಂತ್ರವನ್ನು ಕಣ್ಣು ಮುಚ್ಚಿ ಜೋಡಿಸಬಲ್ಲಳು, ಆದರೆ ಹಾಳೆಯ ಮೇಲಿನ ಅಕ್ಷರಗಳು ಅವಳ ಕಣ್ಣಿಗೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಶಾಲೆಯವರು ಅವಳನ್ನು ಕೊನೆಯ ಬೆಂಚಿನಲ್ಲಿ, ಕೊಡೆ ತೂಗುಹಾಕುವ ಮೊಳೆಗಳ ಕೆಳಗೆ ಕೂರಿಸಿದರು. ಹುಡುಗಿ ಮೊದಲು ತರಗತಿಯಲ್ಲಿ ಮಾತು ಬಿಟ್ಟಳು, ಆಮೇಲೆ ಮನೆಯಲ್ಲೂ ಬಿಟ್ಟಳು. ಶಾಲೆ ಬಿಡಿಸಿದ ಎಂಟನೇ ವಾರ ಊಟಕ್ಕೆ ಕೂತಾಗ "ಉಪ್ಪು ಕೊಡಿ" ಅಂದಳು. ಸೊಸೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಅಮ್ಮನವರು ಉಪ್ಪು ಕೊಟ್ಟರು. ತಟ್ಟೆಗೆ ಎರಡು ಸಲ ಹಾಕಿದ್ದು ಅವರ ಗಮನಕ್ಕೆ ಬರಲಿಲ್ಲ.

ಇನ್ನುಳಿದದ್ದು ಪಠ್ಯಕ್ರಮ ಆರಿಸುವ ಕೆಲಸ. ಊಟದ ಮೇಜಿನ ಮೇಲೆ ಮೂರು ವಾರ ಮಾದರಿ ಪುಸ್ತಕಗಳ ಗುಡ್ಡೆ ಬಿದ್ದಿತ್ತು. ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು.

"ಮೂವರಿಗೂ ಒಂದೇ ತರಹದ್ದು ತರಿಸು. ಶಿಸ್ತು ಇರುತ್ತೆ," ಅಂದರು ಅಮ್ಮನವರು.

"ಐದು ಬೆರಳೂ ಒಂದೇ ಸಮ ಇರುತ್ತಾ ಅತ್ತೆ?" ಅಂದಳು ಸೊಸೆ. "ದೊಡ್ಡವಳಿಗೆ ಹದಿಮೂರು, ಆಗಲೇ ನನಗೆ ಅರ್ಥವಾಗದ ಲೆಕ್ಕ ಮಾಡ್ತಾಳೆ. ಚಿಕ್ಕವನಿಗೆ ಐದು, ಎರಡು ನಿಮಿಷ ಕೂತರೆ ಮೈಯಲ್ಲಿ ಹುಷಾರಿಲ್ಲವೇನೋ ಅಂತ ಮುಟ್ಟಿ ನೋಡಬೇಕು. ಮೂವರಿಗೂ ಒಂದೇ ಅಳತೆಯ ಅಂಗಿ ಹೊಲಿಸೋಕಾಗುತ್ತಾ?"

"ನಮಗೆ ಹೊಲಿಸಿದ್ದರು."

"ಹಾಕ್ಕೊಂಡಿದ್ದಿರಾ?"

"ಹಾಕ್ಕೊಂಡಿದ್ವಿ. ಬಿಗಿಯಾಗಿತ್ತು," ಅಂದರು ಅಮ್ಮನವರು. ಕೊನೆಗೆ ಅವರೇ ಮೂರನ್ನು ಆರಿಸಿದರು. ದೊಡ್ಡವಳಿಗೆ ಬೀಜಗಣಿತದ ದಪ್ಪ ಸಂಪುಟ, ನಡುವಿನವಳಿಗೆ ಮರದ ಅಕ್ಷರಗಳನ್ನು ಬೆರಳಲ್ಲಿ ಸವರಿ ಕಲಿಯುವ ಪೆಟ್ಟಿಗೆ, ಚಿಕ್ಕವನಿಗೆ ಪುಸ್ತಕವೇ ಇಲ್ಲದ, ಅಂಗಳದಲ್ಲಿ ಓಡಾಡುತ್ತ ಕಲಿಯುವ ಕ್ರಮ. ಅವರ ಮಗ, ಅಂದರೆ ಮಕ್ಕಳ ತಂದೆ, ಕೊನೆಯಲ್ಲಿ ಯಾರು ಮಾತಾಡಿದರೋ ಅವರ ಮಾತಿಗೆ ಒಪ್ಪುವ ಸ್ವಭಾವದವನಾದ್ದರಿಂದ ಒಪ್ಪಿದ.

ಆದರೆ ಮನೆಯಲ್ಲಿ ಓದಿಸುವವರು ಗೃಹಶಾಲಾ ಪಠ್ಯಕ್ರಮ ಹಂಚಿಕೆ ಕಚೇರಿಯ ಅನುಮೋದನೆ ಪಡೆಯತಕ್ಕದ್ದು. ಮುಂದಿನ ತಿಂಗಳ ಒಂದನೇ ತಾರೀಖಿನೊಳಗೆ ಪಡೆಯದಿದ್ದಲ್ಲಿ ಮಕ್ಕಳು ಮೊದಲಿನ ಶಾಲೆಗೆ, ಮೊದಲಿನ ಬೆಂಚಿಗೆ ಮರಳತಕ್ಕದ್ದು. ಅರ್ಜಿ ನಮೂನೆ ಬಂತು. ಮನೆಯ ಹಿರಿಯರೆಂದು ಅಮ್ಮನವರೇ ಮೇಲ್ಗಡೆ ತಮ್ಮ ಹೆಸರು, ವಯಸ್ಸು ಬರೆದರು. ಅಲ್ಲಿಂದ ಮುಂದೆ ನೀಲಿ ಪೆನ್ನು ನಡೆಯಲಿಲ್ಲ. ನಮೂನೆಗೆ ಮಾರ್ಜಿನ್ ಇರಲಿಲ್ಲ. ಎಂಟನೇ ಪ್ರಶ್ನೆ ಆದ ಮೇಲೆ ಆರನೆಯದು ಬರುತ್ತಿತ್ತು. ಮನೆಗೆ ಎಷ್ಟು ಕಿಟಕಿ ಎಂದು ಎರಡು ಕಡೆ ಕೇಳಿದ್ದರು, ಮಕ್ಕಳಿಗೆ ಏನು ಬರುತ್ತದೆ ಎಂದು ಒಂದು ಕಡೆಯೂ ಕೇಳಿರಲಿಲ್ಲ. ಅಮ್ಮನವರು ಕೆಂಪು ಪೆನ್ನು ತೆಗೆದು ಗೆರೆ ಎಳೆದರು, ಸುತ್ತು ಹಾಕಿದರು, ಕೆಳಗೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟು "ಇನ್ನೂ ಶ್ರಮ ಬೇಕು" ಎಂದು ಷರಾ ಬರೆದು ರುಜು ಹಾಕಿದರು. ಮಕ್ಕಳ ವಿವರವನ್ನು ಪ್ರತ್ಯೇಕ ಹಾಳೆಯಲ್ಲಿ, ಮಾರ್ಜಿನ್ ಸಮೇತ, ಲಗತ್ತಿಸಿದರು.

"ಅತ್ತೆ, ಅದು ಅರ್ಜಿ. ಉತ್ತರಪತ್ರಿಕೆ ಅಲ್ಲ," ಅಂದಳು ಸೊಸೆ.

"ತಪ್ಪು ಯಾವುದರಲ್ಲಿದ್ದರೂ ತಪ್ಪೇ."

ಹದಿನೈದು ದಿನಕ್ಕೆ ಉತ್ತರ ಬಂತು. ವಿಷಯ: ತಮ್ಮ ಮನೆಯ ನಾಲ್ವರು ವಿದ್ಯಾರ್ಥಿಗಳಿಗೆ ಪಠ್ಯಕ್ರಮ ಹಂಚಿಕೆಯ ಬಗ್ಗೆ. ಅಮ್ಮನವರು "ನಾಲ್ವರು" ಎಂಬುದಕ್ಕೆ ಸುತ್ತು ಹಾಕಲು ಪೆನ್ನು ತೆಗೆದರು. ಆಮೇಲೆ ಪಟ್ಟಿ ನೋಡಿದರು. ಒಂದು, ಎರಡು, ಮೂರು ಮೊಮ್ಮಕ್ಕಳು. ನಾಲ್ಕು: ಸ್ತ್ರೀ, ವಯಸ್ಸು ಅರವತ್ತೇಳು, ಗಳಿಸಿದ ಅಂಕ ಹತ್ತಕ್ಕೆ ನಾಲ್ಕು, ಷರಾ "ಇನ್ನೂ ಶ್ರಮ ಬೇಕು". ಫಲಿತಾಂಶ: ಅನುತ್ತೀರ್ಣ. ಹಂಚಿಕೆಯಾದ ಪಠ್ಯಕ್ರಮ: ನಾಲ್ವರಿಗೂ ಪ್ರಥಮ ಹಂತ, "ಚೆಂಡು". ಪತ್ರದ ಜೊತೆ ಒಂದು ಮೂಟೆ ಇತ್ತು. ಮೂಟೆಯಲ್ಲಿ ಹದಿನಾರು ಪುಟದ ನಾಲ್ಕು ಪುಸ್ತಕ, ನಾಲ್ಕು ರಬ್ಬರ್ ಚೆಂಡು.

ಚಿಕ್ಕವನು ತಕ್ಷಣ ಅಭ್ಯಾಸ ಆರಂಭಿಸಿದ.

ಅಮ್ಮನವರು ಮರುದಿನ ಕಚೇರಿಗೆ ಹೋದರು. ಅಲ್ಲಿ ಗುಮಾಸ್ತರೊಬ್ಬರೇ ಕೂತಿದ್ದರು. ಅವರ ಹಿಂದೆ ಗೋಡೆಯುದ್ದಕ್ಕೂ ಸೂರು ಮುಟ್ಟುವಂತೆ ಮೂಟೆಗಳು.

"ರೀ ಗುಮಾಸ್ತರೇ, ನಾನು ವಿದ್ಯಾರ್ಥಿನಿ ಅಲ್ಲ."

"ಎಲ್ಲರೂ ಶುರುವಲ್ಲಿ ಹೀಗೇ ಅಂತಾರಮ್ಮಾ," ಅಂದರು ಗುಮಾಸ್ತರು ಮರುಕದಿಂದ. ಕಡತ ತೆಗೆದರು. "ನೋಡಿ. ಮೇಲೆ ತಮ್ಮ ಹೆಸರು. ಕೆಂಪು ಶಾಯಿ. ಅಂಕ. ಷರಾ. ಇದು ಉತ್ತರಪತ್ರಿಕೆ ಅಲ್ಲ ಅಂದ್ರೆ ಮತ್ತೇನು, ಲಗ್ನಪತ್ರಿಕೆಯಾ?"

"ಆ ಅಂಕ ಕೊಟ್ಟವಳು ನಾನು!"

"ಅದಕ್ಕೇ ನಾವು ಮರುಮಾತಾಡದೆ ಒಪ್ಪಿಕೊಂಡ್ವಿ. ತಮ್ಮ ಮನೆತನದ ಹೆಸರು ಯಾರಿಗೆ ಗೊತ್ತಿಲ್ಲ? ತಾವೇ ತಮಗೆ ನಾಲ್ಕು ಕೊಟ್ಟುಕೊಂಡಿದ್ದೀರಿ ಅಂದ್ರೆ, ಬೇರೆಯವರು ನೋಡಿದ್ರೆ ಎರಡು ಬರ್ತಿತ್ತು."

"ಹೋಗಲಿ. ನನ್ನ ಮೊಮ್ಮಗಳು ಬೀಜಗಣಿತ ಮಾಡುವವಳು. ಅವಳಿಗೇಕೆ ಚೆಂಡು?"

ಗುಮಾಸ್ತರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಚೌಕಟ್ಟು ಹಾಕಿ ತೂಗುಹಾಕಿತ್ತು:

"ನಿಯಮ 11 (ಇ): ಒಂದು ಬಾಗಿಲಿಗೆ ಒಂದೇ ಪಠ್ಯಕ್ರಮ. ಸದರಿ ಪಠ್ಯಕ್ರಮವು ಆ ಬಾಗಿಲೊಳಗಿನ ಅತಿ ಹಿಂದುಳಿದ ವಿದ್ಯಾರ್ಥಿಯ ಮಟ್ಟಕ್ಕೆ ಇರತಕ್ಕದ್ದು. ಮುಂದುವರಿದ ವಿದ್ಯಾರ್ಥಿಗಳು ಕಾಯತಕ್ಕದ್ದು."

"ನಮ್ಮ ಮನೆಗೆ ಹಿತ್ತಿಲ ಬಾಗಿಲೂ ಇದೆ."

"ಹಿತ್ತಿಲ ಬಾಗಿಲಿಂದ ಬಂದ ವಿದ್ಯೆಗೆ ಮಾನ್ಯತೆ ಇಲ್ಲಮ್ಮಾ."

"ಎರಡನೇ ಹಂತದ ಪುಸ್ತಕ ಎಲ್ಲಿ? ಮೂರನೆಯದು?"

ಗುಮಾಸ್ತರು ಇದನ್ನು ಯಾರೂ ಕೇಳಿದ್ದಿಲ್ಲವೆಂಬಂತೆ ಯೋಚಿಸಿದರು. "ಇನ್ನೂ ಅಚ್ಚಾಗಿಲ್ಲ. ಬೇಕಾಗಿಲ್ಲ. ಸಾಹೇಬರ ಭಾಮೈದ ಹನ್ನೊಂದು ಸಾವಿರ ಚೆಂಡು ಕೊಟ್ಟಿದ್ದಾರೆ; ಅವು ಖರ್ಚಾಗೋವರೆಗೆ ದೇಶದ ಮಟ್ಟ ಪ್ರಥಮ ಹಂತವೇ. ಯಾವ ಮನೆಯಲ್ಲಾದರೂ ಒಬ್ಬ ದಡ್ಡ ಸಿಕ್ಕೇ ಸಿಗ್ತಾನಮ್ಮಾ. ಹುಡುಕೋ ಕೆಲಸ ನಮ್ಮದು. ಹೋದ ವಾರ ಪ್ರೊಫೆಸರರ ಮನೆಯಲ್ಲಿ ಯಾರೂ ಸಿಗದೆ ಬಹಳ ಕಷ್ಟ ಆಯ್ತು. ಕೊನೆಗೆ ನಾಯಿಯನ್ನ ದಾಖಲು ಮಾಡ್ಕೊಂಡ್ವಿ. ತಮ್ಮ ಮನೆಯಲ್ಲಿ ತಾವೇ ಸಹಕರಿಸಿದಿರಿ."

ದಾರಿ ಇಲ್ಲದೆ ಇರಲಿಲ್ಲ. ಅಂಕ ತಪ್ಪೆಂದು ಅಮ್ಮನವರು ಬರೆದುಕೊಟ್ಟರೆ ಹಳೆಯ ಅರ್ಜಿ ರದ್ದಾಗಿ ಹೊಸದು ಸಲ್ಲಿಸಬಹುದಿತ್ತು. ಅದು ವಿಲೇವಾರಿಯಾಗಲು ನಾಲ್ಕು ತಿಂಗಳು. ಅಲ್ಲಿಯವರೆಗೆ ಮಕ್ಕಳು ಶಾಲೆಗೆ. ಇಲ್ಲವೇ ಕೊಟ್ಟ ಹಂತವನ್ನು ಒಪ್ಪಿಕೊಂಡು, ತಿಂಗಳ ಕೊನೆಗೆ ನಾಲ್ವರೂ ಪರೀಕ್ಷೆಗೆ ಕೂರಬೇಕು. ಒಬ್ಬರು ನಪಾಸಾದರೂ ಅನುಮೋದನೆ ಇಲ್ಲ.

"ಬರೆದುಕೊಡ್ತೀರಾ, ಅಂಕ ತಪ್ಪು ಅಂತ?" ಗುಮಾಸ್ತರು ಹಾಳೆ ಮುಂದಿಟ್ಟರು.

ಅಮ್ಮನವರ ಕಣ್ಣ ಮುಂದೆ ಕೊಡೆಯ ಮೊಳೆಗಳು ಬಂದವು. "ಆ ನಮೂನೆಗೆ ನಾಲ್ಕರ ಮೇಲೆ ಅರ್ಧ ಅಂಕವೂ ಸಲ್ಲದು," ಎಂದಷ್ಟೇ ಹೇಳಿ ಎದ್ದರು.

ಹೀಗೆ ಆ ಮನೆಯಲ್ಲಿ ಪಾಠ ಆರಂಭವಾಯಿತು. ಬೆಳಗ್ಗೆ ಒಂಬತ್ತಕ್ಕೆ ನಾಲ್ವರು ಮೇಜಿನ ಸುತ್ತ ಕೂತು "ಇದು ಚೆಂಡು. ಚೆಂಡು ಗುಂಡಗಿದೆ. ಚೆಂಡು ಉರುಳುತ್ತದೆ" ಎಂದು ಓದುವರು. ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಆ ದಿನದ ಪಠ್ಯಕ್ರಮ ಮುಗಿಯುವುದು. ಮಿಕ್ಕ ಇಡೀ ದಿನ ಕಾಯತಕ್ಕದ್ದು. ದೊಡ್ಡವಳು ಕಾಯುತ್ತ ಪುಸ್ತಕದ ಹಿಂದಿನ ಖಾಲಿ ಪುಟಗಳಲ್ಲಿ ಬೀಜಗಣಿತ ಮಾಡಿದಳು. ಚಿಕ್ಕವನು ಕಾಯುತ್ತ ಅಂಗಳದ ಉದ್ದ ಎಷ್ಟು ಚೆಂಡು, ಅಗಲ ಎಷ್ಟು ಚೆಂಡು ಎಂದು ಉರುಳಿಸಿ ಎಣಿಸಿದ, ನೂರರವರೆಗೆ ಬಂತು. ನಡುವಿನವಳು ತನ್ನ ಚೆಂಡನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ ಒಳಗೆ ನೋಡಿದಳು. ಆಮೇಲೆ ಒಂದು ಹೋಳಿನ ಅಂಚನ್ನೂ ನಡುವೆ ಉಬ್ಬಿದ ಚುಕ್ಕೆಯನ್ನೂ ಬೆರಳಲ್ಲಿ ಸವರುತ್ತ, ಇದು "ಠ" ಅಲ್ಲವಾ ಎಂದಳು. ಹೌದು ಎಂದರು ಅಮ್ಮನವರು. ಅಲ್ಲಿಂದ ರಬ್ಬರು ಕತ್ತರಿಸಿ ಕತ್ತರಿಸಿ ಅಕ್ಷರ ಮಾಡತೊಡಗಿದಳು. ಕೈಗೆ ಸಿಕ್ಕ ಅಕ್ಷರ ಕುಣಿಯುತ್ತಿರಲಿಲ್ಲ.

"ಅತ್ತೆ, ಮೂರು ವಾರ ಗುಡ್ಡೆ ಹಾಕ್ಕೊಂಡು ಹುಡುಕಿದ್ವಿ. ಇಷ್ಟು ಒಳ್ಳೇದು ಒಂದೂ ಇರಲಿಲ್ಲ," ಅಂದಳು ಸೊಸೆ.

ತೊಂದರೆ ಇದ್ದದ್ದು ಅಮ್ಮನವರದು. ಮನೆಯಲ್ಲಿ ನಡೆಸಿದ ಮಾದರಿ ಪರೀಕ್ಷೆಯಲ್ಲಿ "ಇದೇನು?" ಎಂಬ ಪ್ರಶ್ನೆಗೆ ಅವರು ಗೋಳದ ಲಕ್ಷಣ, ರಬ್ಬರಿನ ಮೂಲ ಮತ್ತು ವ್ಯಾಯಾಮದ ಮಹತ್ವ ಕುರಿತು ಒಂದೂವರೆ ಪುಟ ಬರೆದರು.

ದೊಡ್ಡವಳು ಪುಸ್ತಕದ ಹಿಂಬದಿಯ ಸೂಚನೆ ಓದಿ ತಲೆ ಮೇಲೆ ಕೈ ಹೊತ್ತಳು. "ಪಠ್ಯ ಮೀರಿದ ಉತ್ತರಕ್ಕೆ ಸೊನ್ನೆ ಅಂತಿದೆ. ಅಜ್ಜಿ, ನೀವು ನಪಾಸು."

ಆ ಶಬ್ದ ಆ ಮನೆಯ ಗೋಡೆಗಳು ಹಿಂದೆ ಕೇಳಿರಲಿಲ್ಲ. ಅಮ್ಮನವರು ಎರಡನೆಯ ಸಲ ಬರೆದರು, ಮುಕ್ಕಾಲು ಪುಟಕ್ಕೆ ಇಳಿಯಿತು. ಮೂರನೆಯ ಸಲ ಐದು ಸಾಲು. ಅದಕ್ಕಿಂತ ಕೆಳಗೆ ಇಳಿಯದು. ಪರೀಕ್ಷೆಗೆ ನಾಲ್ಕು ದಿನ ಉಳಿಯಿತು.

ನಡುವಿನವಳು ಬಂದು ಅಜ್ಜಿಯ ಪಕ್ಕ ಕೂತಳು. ಚೆಂಡನ್ನು ಮೇಜಿನ ಮೇಲಿಟ್ಟಳು. "ಅಜ್ಜಿ, ನಿನಗೆ ಗೊತ್ತಿರೋದನ್ನ ಬರೀಬೇಡ. ಕಾಣೋದನ್ನ ಬರಿ."

"ಕಾಣೋದು ಅಷ್ಟೇ ಅಲ್ಲವಲ್ಲ ಕಂದಾ."

"ಅಷ್ಟೇ. ಇನ್ನೊಂದ್ಸಲ ನೋಡು. ಆತುರ ಇಲ್ಲ."

ಅಷ್ಟು ಉದ್ದದ ಮಾತನ್ನು ಹುಡುಗಿ ಒಂದು ವರ್ಷದಿಂದ ಆಡಿರಲಿಲ್ಲ. ಅಮ್ಮನವರು ಚೆಂಡನ್ನು ಬಹಳ ಹೊತ್ತು ನೋಡಿದರು. ಆಮೇಲೆ "ಇದು ಚೆಂಡು" ಎಂದು ಬರೆದು ಪೆನ್ನು ಕೆಳಗಿಟ್ಟರು. ಕೈ ಮುಂದಕ್ಕೆ ಎಳೆಯುತ್ತಿತ್ತು. ಹುಡುಗಿ ಮಣಿಕಟ್ಟು ಹಿಡಿದುಕೊಂಡಳು.

ಪರೀಕ್ಷೆಯ ದಿನ ಗುಮಾಸ್ತರೇ ಮನೆಗೆ ಬಂದರು. ಊಟದ ಮನೆಯನ್ನು ಪರೀಕ್ಷಾ ಕೇಂದ್ರವೆಂದು ಘೋಷಿಸಿ, ಬಾಗಿಲಿಗೆ ಚೀಟಿ ಅಂಟಿಸಿ, ಮಗ ನೀರು ಕುಡಿಯಲು ಒಳಗೆ ಬಂದಾಗ ಅನಧಿಕೃತ ವ್ಯಕ್ತಿಯೆಂದು ಹೊರಗೆ ಕಳಿಸಿದರು. ಮಗ ಒಪ್ಪಿದ. ಒಂದು ಗಂಟೆಯ ಪರೀಕ್ಷೆ, ನಲವತ್ತು ಅಂಕ. ಸಂಜೆಗೆ ಫಲಿತಾಂಶ ಬಂತು.

ನಡುವಿನವಳು ನಲವತ್ತಕ್ಕೆ ನಲವತ್ತು, ಪ್ರಥಮ ಸ್ಥಾನ. ಅಮ್ಮನವರು ಮೂವತ್ತೊಂಬತ್ತು, ದ್ವಿತೀಯ. ಚಿಕ್ಕವನು ಮೂವತ್ತೊಂದು. ದೊಡ್ಡವಳು ಇಪ್ಪತ್ತು, "ಚೆಂಡು ಏಕೆ ಉರುಳುತ್ತದೆ ಎಂದು ಮರುಪ್ರಶ್ನೆ ಕೇಳಿದ್ದಕ್ಕೆ ಕಡಿತ" ಎಂದು ಷರಾ. ನಾಲ್ವರೂ ತೇರ್ಗಡೆ. ಅನುಮೋದನೆ ಮಂಜೂರು. ಎರಡನೇ ಹಂತ ಅಚ್ಚಾಗುವವರೆಗೆ ಪ್ರಥಮ ಹಂತವನ್ನೇ ಪ್ರತಿವರ್ಷ ಮುಂದುವರಿಸತಕ್ಕದ್ದು.

ನಡುವಿನವಳು ತನ್ನ ಅಂಕಪಟ್ಟಿಯನ್ನು ತಾನೇ, ಬೆರಳಿಟ್ಟು, ಗಟ್ಟಿಯಾಗಿ ಓದಿದಳು. ಎರಡು ಸಲ ಓದಿದಳು. ನಿಲ್ಲಿಸು ಎಂದು ಯಾರೂ ಹೇಳದ್ದರಿಂದ ಮೂರನೆಯ ಸಲವೂ ಓದಿದಳು.

ಬೀದಿಯವರು ಬಂದು ಅಭಿನಂದಿಸಿದರು. ಈ ವಯಸ್ಸಿನಲ್ಲಿ ಮೂವತ್ತೊಂಬತ್ತು ತೆಗೆಯುವುದು ಹುಡುಗಾಟವಲ್ಲ ಎಂದರು. ಪಕ್ಕದ ಮನೆಯ ನಿವೃತ್ತ ಇಂಜಿನಿಯರು ತಾವೂ ಕೂರುವುದಾಗಿ ಹೇಳಿ, ಪುಸ್ತಕವನ್ನು ಎರವಲು ಕೇಳಿದರು. ಸೊಸೆ ಎಲ್ಲರಿಗೂ ಕಾಫಿ ಕೊಟ್ಟಳು. ಪ್ರೊಫೆಸರರ ನಾಯಿಯೂ ಪಾಸಾಯಿತೆಂದು ಸುದ್ದಿ ಬಂತು. ಅದಕ್ಕೆ ಎಷ್ಟು ಎಂದು ಅಮ್ಮನವರು ಮೆಲ್ಲಗೆ ವಿಚಾರಿಸಿದರು. ಮೂವತ್ತೆಂಟು ಎಂದು ತಿಳಿದ ಮೇಲೆ ಕಾಫಿ ಕುಡಿದರು.

ಎಲ್ಲರೂ ಹೋದ ನಂತರ ತಮ್ಮ ಉತ್ತರಪತ್ರಿಕೆ ತರಿಸಿ ನೋಡಿದರು. ಆಮೇಲೆ ಕೂತು ಹಂಚಿಕೆ ಕಚೇರಿಗೆ ಹೀಗೆ ಬರೆದರು:

"ಮಾನ್ಯರೇ, ಪ್ರಥಮ ಹಂತದ ವಿದ್ಯಾರ್ಥಿನಿಯಾದ ನನಗೆ 'ಪರೀಕ್ಷೆಯ ವೇಳೆ ಮಾತು' ಎಂಬ ಷರಾದೊಂದಿಗೆ ಒಂದು ಅಂಕ ಕಳೆಯಲಾಗಿದೆ. ಪಕ್ಕದಲ್ಲಿದ್ದ ಐದು ವರ್ಷದ ವಿದ್ಯಾರ್ಥಿ ಮೇಜಿನ ಕೆಳಗೆ ಹೋಗಿದ್ದ. ಮೇಲೆ ಬಾ ಎಂದೆ. ಅದು ಮಾತಲ್ಲ, ಶಿಸ್ತು. ಪ್ರಥಮ ಸ್ಥಾನ ಪಡೆದ ವಿದ್ಯಾರ್ಥಿನಿಯ ಬಗ್ಗೆ ನನ್ನ ತಕರಾರಿಲ್ಲ. ಆಕೆಯ ಸ್ಥಾನವನ್ನು ಯಾರೂ ಮುಟ್ಟಕೂಡದು, ಮತ್ತೊಬ್ಬರೊಂದಿಗೆ ಹಂಚಲೂ ಕೂಡದು. ಆದ್ದರಿಂದ ಆ ಒಂದು ಅಂಕವನ್ನು ನನಗೆ ಮರಳಿಸಬೇಡಿ. ಕ್ಷಮಾಪಣೆ ಕೇಳಿ. ಲಿಖಿತವಾಗಿ, ಹದಿನೈದು ದಿನದೊಳಗೆ."